ಎರಡು ವಿಮಾನ ನಿಲ್ದಾಣ, ನಡುವೆ ಒಂದು ರಾತ್ರಿ

ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗುವವರು ಸಾಮಾನ್ಯವಾಗಿ ಬೀರೂರಿನಲ್ಲಿ ಗಾಡಿ ಬದಲಾಯಿಸುತ್ತಾರೆ. ಹುಬ್ಬಳ್ಳಿಯ ದಾರಿಯೂ ಶಿವಮೊಗ್ಗದ ದಾರಿಯೂ ಕವಲೊಡೆಯುವುದು ಅಲ್ಲಿಯೇ. ಗಾಡಿ ತಪ್ಪಿದರೂ ಅದೇ ನಿಲ್ದಾಣದ ಬೆಂಚಿನ ಮೇಲೆ ರಾತ್ರಿ ಕಳೆದೀತು. ಅಮೆರಿಕದಲ್ಲಿರುವ ಮಕ್ಕಳನ್ನು ನೋಡಲು ಹೊರಟ ಕಡೂರು ಸೀಮೆಯ ಹಿರಿಯರು, ಲಂಡನ್ನಿನಲ್ಲಿ ವಿಮಾನ ಬದಲಿಸುವುದೂ ಹೀಗೆಯೇ ಎಂದು ಭಾವಿಸಿದರೆ ಕಷ್ಟ.

ಟಿಕೇಟಿನಲ್ಲಿ ಇಳಿಯುವುದೂ ಲಂಡನ್, ಹತ್ತುವುದೂ ಲಂಡನ್ ಎಂದೇ ಇರಬಹುದು. ಪಕ್ಕದ ಮೂರಕ್ಷರಗಳನ್ನು ನೋಡಿರಿ: ಎಲ್.ಎಚ್.ಆರ್. ಎಂದರೆ ಹೀಥ್ರೂ, ಎಲ್.ಜಿ.ಡಬ್ಲ್ಯು. ಎಂದರೆ ಗ್ಯಾಟ್ವಿಕ್. ನಡುವಣ ರಸ್ತೆ 60 ಕಿಲೋಮೀಟರಿಗೂ ಮಿಕ್ಕಿದ್ದು. ಹೆಚ್ಚುಕಡಿಮೆ ಬೀರೂರಿನಿಂದ ಶಿವಮೊಗ್ಗಕ್ಕಿರುವಷ್ಟು. ದೂರಕ್ಕಿಂತ ದೊಡ್ಡ ತೊಡಕು ಬಾಗಿಲಿನದು. ಒಂದು ನಿಲ್ದಾಣ ಬಿಟ್ಟು ಇನ್ನೊಂದಕ್ಕೆ ಹೋಗುವುದೆಂದರೆ ಆ ದೇಶದೊಳಕ್ಕೆ ಕಾಲಿಟ್ಟಂತೆಯೇ. ಆದ್ದರಿಂದ ಬ್ರಿಟನ್ನಿನ ವೀಸಾ ಬೇಕೇ ಎಂಬುದನ್ನು ಟಿಕೇಟು ಕೊಳ್ಳುವ ಮೊದಲೇ ವಿಚಾರಿಸಬೇಕು. ಬೆಂಗಳೂರಿನಲ್ಲಿ ಒಪ್ಪಿಸಿದ ಪೆಟ್ಟಿಗೆಯೂ ಸಾಮಾನ್ಯವಾಗಿ ತಾನಾಗಿ ಮುಂದೆ ಹೋಗದು. ಅದನ್ನು ಪಡೆದು, ಸುಂಕದ ಕಟ್ಟೆ ಹಾದು, ಎರಡನೆಯ ನಿಲ್ದಾಣದಲ್ಲಿ ಪುನಃ ಒಪ್ಪಿಸಬೇಕು. ಹಪ್ಪಳ, ಉಪ್ಪಿನಕಾಯಿಗಳ ನಿಜವಾದ ಭಾರ ತಿಳಿಯುವುದು ಆಗಲೇ!

ಇನ್ನು ರಾತ್ರಿಯ ಮಾತು. ಇಳಿದ ಸಂಜೆಯೇ ಬಸ್ಸು ಹಿಡಿದು ದಾಟಿ, ಎರಡನೆಯ ನಿಲ್ದಾಣದ ಬಳಿ ಮಲಗುವುದು ಲೇಸು. ಬೆಳಗಿನ ಅವಸರದಲ್ಲಿ ಪರಸ್ಥಳದ ರಸ್ತೆಯನ್ನು ನಂಬುವುದು ಬೇಡ. ಎರಡು ಪ್ರಯಾಣಗಳಿಗೆ ಬೇರೆಬೇರೆ ಟಿಕೇಟು ಕೊಂಡವರು ವಿಮಾನ ತಪ್ಪಿಸಿಕೊಂಡರೆ, ಹೊಸ ಟಿಕೇಟಿನ ಖರ್ಚು ಬಹುಮಟ್ಟಿಗೆ ಅವರ ಪಾಲಿಗೇ.