‘ನೈಸ್’ ಪದದ ಅರ್ಥಪಲ್ಲಟ

ಹಿತವಾದದ್ದು, ಚೆನ್ನಾಗಿರುವುದು ಎಂಬ ಅರ್ಥದಲ್ಲಿ ಇಂದು ಬಳಕೆಯಾಗುವ ಇಂಗ್ಲಿಷಿನ ‘ನೈಸ್’ ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಎಂದರೆ ಇಲ್ಲ, ‘ಸ್ಕಿರೆ’ ಎಂದರೆ ತಿಳಿ ಎಂದಾದ್ದರಿಂದ ಇಡೀ ಪದಕ್ಕೆ ಅರಿಯದವನು ಎಂದರ್ಥ. ಸೈನ್ಸ್ ಎಂಬ ಪದವೂ ಇದೇ ‘ಸ್ಕಿರೆ’ ಧಾತುವಿನಿಂದ ಬಂದದ್ದೆಂಬುದು ನಿಜಕ್ಕೂ ಸೋಜಿಗ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಪದಕ್ಕಿದ್ದ ಅರ್ಥ ದಡ್ಡ ಎಂದೇ. ಅದು ಕ್ರಮೇಣ ನಾಜೂಕಿನವನು, ಸಣ್ಣದಕ್ಕೂ ತಕರಾರು ತೆಗೆಯುವವನು, ಸೂಕ್ಷ್ಮವಾದದ್ದು ಎಂದೆಲ್ಲ ಹೊರಳಿ, 18ನೆಯ ಶತಮಾನದಲ್ಲಿ ಹಿತವಾದದ್ದು ಎಂಬಲ್ಲಿಗೆ ತಲುಪಿತು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ನಳ ‘ನಾರ್ತ್ಯಾಂಗರ್ ಅಬೆ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬ ಪಾತ್ರ, ಎಲ್ಲದಕ್ಕೂ ಇದೊಂದೇ ಪದವನ್ನು ಹಚ್ಚುವ ಅಭ್ಯಾಸವನ್ನು ಹಾಸ್ಯ ಮಾಡುತ್ತದೆ.

ನಿಂದೆಯ ಪದವೊಂದು ಹೊಗಳಿಕೆಯಾಗುವ ಇಂಥ ಬದಲಾವಣೆಯನ್ನು ಭಾಷಾವಿಜ್ಞಾನಿಗಳು ಅರ್ಥೋತ್ಕರ್ಷ ಎನ್ನುತ್ತಾರೆ. ಸಂಸ್ಕೃತದ ‘ಮುಗ್ಧ’ವೂ ಇದೇ ಹಾದಿಯದು: ದಿಕ್ಕೆಟ್ಟವನು, ಮೂಢ ಎಂಬ ಅರ್ಥದಿಂದ ಹೊರಟು ಅದು ಕಪಟವರಿಯದ, ಮನೋಹರವಾದ ಎಂಬ ಅರ್ಥಗಳನ್ನು ಪಡೆಯಿತು.

ಕನ್ನಡದ ಆಡುಮಾತು ‘ನೈಸ್’ ಎಂಬ ಎರವಲು ಪದವನ್ನು ತನ್ನದೇ ರೀತಿಯಲ್ಲಿ ಪಳಗಿಸಿಕೊಂಡಿರುವುದು ಇನ್ನೂ ಸ್ವಾರಸ್ಯಕರ. ಓಲೈಸಿ ಕೆಲಸ ಸಾಧಿಸುವುದು ‘ನೈಸ್ ಮಾಡುವುದು’, ಸದ್ದಿಲ್ಲದೆ ನುಣುಚಿಕೊಳ್ಳುವುದು ‘ನೈಸಾಗಿ ಜಾರಿಕೊಳ್ಳುವುದು’. ದೋಸೆಗೆ ನೆನೆಸಿದ ಉದ್ದಿನಬೇಳೆಯನ್ನು ಬೆರಳಿಗೆ ತರಿ ಸಿಗದಷ್ಟು ನುಣ್ಣಗೆ ಅರೆಯುವುದಕ್ಕೆ ಅಡುಗೆಮನೆಯಲ್ಲಿ ಸಲ್ಲುವ ಮಾತು ‘ನೈಸಾಗಿ ರುಬ್ಬುವುದು’.