ಮನಸ್ಸಿದ್ದರೆ ಸಾಕೇ, ತೂಕ ಇಳಿಯಲು?

ನಾಗಪುರದ ಗಾಂಧಿಬಾಗ್ ಸಗಟು ಬಟ್ಟೆ ವ್ಯಾಪಾರದ ಪೇಟೆ. ಇಲ್ಲಿ ಒಂದೇ ಅಂಗಡಿಯನ್ನು ನಂಬಿ ಎರಡು ಬಗೆಯ ದೇಹಗಳು ಬದುಕುತ್ತವೆ. ಸೇಠರು ಗಾದಿಯ ಮೇಲೆ ಕೂತು ಲೆಕ್ಕ ನೋಡುತ್ತಾರೆ, ಫೋನಿನಲ್ಲಿ ದರ ಮಾತಾಡುತ್ತಾರೆ. ಹಮಾಲರು ಬಟ್ಟೆಯ ಗಂಟುಗಳನ್ನು ಬೆನ್ನ ಮೇಲೆ ಹೇರಿಕೊಂಡು ಓಣಿ ದಾಟುತ್ತಾರೆ. ಬೆಳಿಗ್ಗೆ ಇಬ್ಬರಿಗೂ ಪ್ರಿಯವಾದದ್ದು ತರ್ರಿ ಪೋಹಾ, ಅಂದರೆ ಕಡಲೆಯ ಕೆಂಪು ಖಾರದ ರಸ ಸುರಿದ ಅವಲಕ್ಕಿ. ಹೊಟ್ಟೆ ಬರುವುದು ಮಾತ್ರ ಹೆಚ್ಚಾಗಿ ಗಾದಿಯ ಮೇಲಿದ್ದವರಿಗೆ.

ಗಾದಿಯವರು ಕಡಿಮೆ ದುಡಿಯುತ್ತಾರೆ, ಹಾಗಾಗಿ ಹಸಿವೂ ಕಡಿಮೆ ಇರಬೇಕಲ್ಲವೇ? ಪೋಷಣಾ ವಿಜ್ಞಾನಿ ಜಾಂ ಮೇಯರ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ 213 ಜನರನ್ನು ಪರೀಕ್ಷಿಸಿ 1956ರಲ್ಲಿ ಉತ್ತರ ಪ್ರಕಟಿಸಿದರು. ಹೊರೆ ಹೊರುವವರು ದುಡಿತಕ್ಕೆ ತಕ್ಕಂತೆ ಹೆಚ್ಚು ಉಣ್ಣುತ್ತಿದ್ದರು, ತೂಕ ಏರುತ್ತಿರಲಿಲ್ಲ. ದಿನವಿಡೀ ಕೂತೇ ಇರುತ್ತಿದ್ದ ಅಲ್ಲಿನ ಅಂಗಡಿಯವರ ಊಟ ಮಾತ್ರ ದುಡಿಮೆಯ ಜೊತೆಗೆ ಇಳಿದಿರಲಿಲ್ಲ. ಹಗುರ ಕೆಲಸದವರಿಗಿಂತಲೂ ಅವರು ಹೆಚ್ಚು ತಿನ್ನುತ್ತಿದ್ದರು. ಅಲುಗಾಟ ತೀರಾ ಕಡಿಮೆಯಾದಾಗ ಹಸಿವು ಲೆಕ್ಕ ತಪ್ಪುತ್ತದೆ ಎಂಬುದು ಮೇಯರ್ ತಂಡದ ನಿಲುವಾಗಿತ್ತು.

ಇನ್ನು ಮನಸ್ಸಿನ ಮಾತು. 2007ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಮನಶ್ಶಾಸ್ತ್ರಜ್ಞೆಯರಾದ ಆಲಿಯಾ ಕ್ರಮ್ ಮತ್ತು ಎಲೆನ್ ಲ್ಯಾಂಗರ್ ಅಮೆರಿಕದ 7 ಹೋಟೆಲುಗಳಲ್ಲಿ ಕೋಣೆ ಸ್ವಚ್ಛ ಮಾಡುವ 84 ಮಹಿಳೆಯರನ್ನು ಆರಿಸಿಕೊಂಡರು. ಒಂದು ಗುಂಪಿಗೆ ಮಾತ್ರ, ‘ನೀವು ಮಾಡುವ ಕೆಲಸವೇ ಒಳ್ಳೆಯ ವ್ಯಾಯಾಮ’ ಎಂದು ತಿಳಿಹೇಳಿದರು. 4 ವಾರಗಳಲ್ಲಿ ಆ ಗುಂಪಿನವರ ತೂಕ ಸರಾಸರಿ ಒಂದು ಕಿಲೋದಷ್ಟು ಇಳಿದಿತ್ತು, ರಕ್ತದೊತ್ತಡವೂ ತಗ್ಗಿತ್ತು. ಈ ಸುದ್ದಿ ಜಗತ್ತೆಲ್ಲ ಸುತ್ತಿತು. 2011ರ ವರದಿಯಂತೆ, ಟೆಕ್ಸಾಸ್‌ನಲ್ಲಿ ಕಟ್ಟಡ ನಿರ್ವಹಣೆಯ ಕೆಲಸಗಾರರ ಮೇಲೆ ಇಂಥದೇ ಪ್ರಯೋಗ ನಡೆದಾಗ ದೇಹದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅದು ಅಷ್ಟು ಸುದ್ದಿಯಾಗಲಿಲ್ಲ. ಮೊದಲ ಪ್ರಯೋಗದ ಮಹಿಳೆಯರು ತಮಗರಿವಿಲ್ಲದೆಯೇ ಇನ್ನಷ್ಟು ಚುರುಕಾಗಿ ಕೆಲಸ ಮಾಡಿರಬಹುದು, ಊಟದಲ್ಲಿ ಹಿಡಿತ ತಂದುಕೊಂಡಿರಬಹುದು. ನನಗೆ ನಂಬಲರ್ಹವಾಗಿ ಕಾಣುವುದು ಈ ವಿವರಣೆಯೇ: ಮನಸ್ಸು ಕೊಬ್ಬನ್ನು ನೇರವಾಗಿ ಕರಗಿಸುವುದಿಲ್ಲ, ಕೈಕಾಲುಗಳ ಮೂಲಕ ಕೆಲಸ ಮಾಡಿಸುತ್ತದೆ.

ಇದಕ್ಕಿಂತ ಮುಖ್ಯವೆನಿಸುವುದು ಮನಶ್ಶಾಸ್ತ್ರಜ್ಞರಾದ ಗೇಬ್ರಿಯೆಲೆ ಓಟಿಂಗೆನ್ ಮತ್ತು ಥಾಮಸ್ ವಾಡೆನ್ 1991ರಲ್ಲಿ ಪ್ರಕಟಿಸಿದ ಅಧ್ಯಯನ. ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ್ದ 25 ಮಹಿಳೆಯರಲ್ಲಿ ‘ಇದು ನನ್ನಿಂದ ಆದೀತು’ ಎಂದು ನಿರೀಕ್ಷಿಸಿದವರು ಹೆಚ್ಚು ತೂಕ ಇಳಿಸಿಕೊಂಡರು. ತೆಳ್ಳಗಾದ ತಮ್ಮನ್ನು ಕಣ್ಣಮುಂದೆ ತಂದುಕೊಂಡು, ದಾರಿಯುದ್ದಕ್ಕೂ ಸುಖವೇ ಎಂದು ಕನಸು ಕಂಡವರು ವರ್ಷದ ಕೊನೆಗೆ ಅಂಥ ಕನಸು ಕಾಣದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಗೆದ್ದೆವೆಂಬ ಸುಖವನ್ನು ಮನಸ್ಸು ಮೊದಲೇ ಉಂಡುಬಿಟ್ಟರೆ ಮೈ ಮುಂದೆ ಹೆಜ್ಜೆ ಇಡುವುದೇಕೆ?

ಹಾಗೆಂದು ಸೋತವರಿಗೆ ‘ನಿನಗೆ ಮನಸ್ಸೇ ಇಲ್ಲ’ ಎಂದು ಹೇಳುವುದು ಅನ್ಯಾಯ. ಮದುವೆ ಮನೆಗಳಲ್ಲಿ ದಪ್ಪ ಹೆಣ್ಣುಮಕ್ಕಳಿಗೆ ಈ ಮಾತು ಎಷ್ಟು ಸಲೀಸಾಗಿ ಬಂದು ತಾಕುತ್ತದೆ! ಆಸ್ಟ್ರೇಲಿಯಾದ ತಂಡವೊಂದು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ಜನ 10 ವಾರ ಕಟ್ಟುನಿಟ್ಟಾದ ಪಥ್ಯ ಮಾಡಿ ತೂಕ ಇಳಿಸಿಕೊಂಡರು. ವರ್ಷ ಕಳೆದರೂ ಅವರಲ್ಲಿ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚೇ ಇತ್ತು, ಹಸಿವನ್ನು ತಡೆಯುವ ಲೆಪ್ಟಿನ್ ಕಡಿಮೆಯೇ ಇತ್ತು. ಕಳೆದುಕೊಂಡ ಕೊಬ್ಬನ್ನು ದೇಹ ಮರಳಿ ಕೇಳುತ್ತಲೇ ಇರುತ್ತದೆ. ಸಂಕಲ್ಪ ಗಟ್ಟಿಯಿದ್ದವರಿಗೂ ಆ ಹಸಿವು ತಪ್ಪಿದ್ದಲ್ಲ.

ಲೆಕ್ಕವೂ ಸುಲಭದ್ದಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕಿಲೋಕ್ಯಾಲೊರಿ ಅಡಗಿದೆ. 70 ಕಿಲೋ ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು 250ರಿಂದ 300. ಊಟ ಹೆಚ್ಚಾಗದಂತೆ ನೋಡಿಕೊಂಡು ದಿನವೂ ನಡೆದರೆ ಒಂದು ಕಿಲೋ ಇಳಿಯಲು ತಿಂಗಳು ಬೇಕು. ನಡಿಗೆ ಮುಗಿಸಿ ‘ಇವತ್ತು ಸಲ್ಲುತ್ತದೆ’ ಎಂದು ಎರಡು ಸಂತ್ರಾ (ಕಿತ್ತಳೆ) ಬರ್ಫಿ ಬಾಯಿಗಿಟ್ಟರೆ ಆ ದಿನದ ದುಡಿಮೆಯ ಬಹುಪಾಲು ಅಲ್ಲಿಗೇ ವಜಾ.

ಹಾಗಾದರೆ ಮನಸ್ಸಿಗೆ ಯಾವ ಕೆಲಸ ಕೊಡಬೇಕು? ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ‘ಹೀಗಾದರೆ ಹೀಗೆ ಮಾಡುವೆ’ ಎಂಬ ಮುಂಗಡ ನಿರ್ಧಾರಗಳ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. ‘ತೂಕ ಇಳಿಸುತ್ತೇನೆ’ ಎನ್ನುವುದಕ್ಕಿಂತ ಹೊತ್ತು, ಜಾಗ ಗೊತ್ತುಮಾಡಿಕೊಂಡ ನಿರ್ಧಾರ ಹೆಚ್ಚು ಫಲ ಕೊಡುತ್ತದೆ. ಗಾದಿಯವರ ಮಟ್ಟಿಗೆ ಅಂಥ ನಿರ್ಧಾರಗಳು ಹೀಗಿರಬಹುದು: ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟುವುದರಿಂದ ಸೂರ್ಯ ಏರುವ ಮುನ್ನವೇ ಗಾಂಧಿಬಾಗ್ ಉದ್ಯಾನಕ್ಕೆ ಹೊರಡುವುದು. ಗಿರಾಕಿ ಬಂದರೆ ಆಳನ್ನು ಕೂಗದೆ ತಾವೇ ಎದ್ದು ಬಟ್ಟೆಯ ಥಾನು ಇಳಿಸುವುದು. ಪೋಹಾ ತಟ್ಟೆ ಬಂದರೆ ಮೇಲೆ ತೇಲುವ ಎಣ್ಣೆ ಬೇಡವೆನ್ನುವುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮೊದಲು ವೈದ್ಯರನ್ನು ಕೇಳಲೇಬೇಕು, ಸಕ್ಕರೆ ದಿಢೀರನೆ ಕುಸಿಯಬಹುದು.

ತೂಕದ ಯಂತ್ರವನ್ನಷ್ಟೇ ನಂಬಿ ಕೂರಬೇಡಿ. ನಮ್ಮವರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಕೂಡುವುದು ಹೆಚ್ಚು. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆಯ ಮಿತಿ. ಬಟ್ಟೆ ಪೇಟೆಯಲ್ಲಿ ಟೇಪಿಗೇನೂ ಬರವಿಲ್ಲ, ತಿಂಗಳಿಗೊಮ್ಮೆ ಅಳೆದು ಬರೆದಿಡಿ.