ಚಿಗಾಂಗ್ ಅಭ್ಯಾಸದ ಮೊದಲ ನೂರು ದಿನಗಳು

ಚೀನದೇಶದ ಪಟ್ಟಣಗಳಲ್ಲಿ ಬೆಳಗಿನ ಹೊತ್ತು ಉದ್ಯಾನಗಳಿಗೆ ಹೋದವರು, ವಯಸ್ಸಾದ ಸ್ತ್ರೀಪುರುಷರು ಗುಂಪಾಗಿ ನಿಂತು ಅತಿ ಮೆಲ್ಲನೆ ಕೈಗಳನ್ನೆತ್ತುತ್ತಲೂ ಇಳಿಸುತ್ತಲೂ ಇರುವುದನ್ನು ಕಂಡೇ ಕಾಣುತ್ತಾರೆ. ಇದು ವ್ಯಾಯಾಮವೋ, ಪೂಜೆಯೋ, ಯಾವುದಾದರೊಂದು ನಾಟ್ಯದ ಆರಂಭವೋ ಎಂದು ಹೊಸಬರಿಗೆ ಸಂದೇಹವುಂಟಾಗುವುದು ಸಹಜ. ಈ ಸಾಧನೆಗೆ ಚಿಗಾಂಗ್ ಎಂದು ಹೆಸರು. ಕೈಯಲ್ಲಿ ಹಿಡಿಯುವ ದೂರವಾಣಿಯಲ್ಲಿಯೇ ಇದರ ಚಲಚ್ಚಿತ್ರಗಳು ದೊರೆಯುವ ಈ ಕಾಲದಲ್ಲಿ, ಅವನ್ನು ನೋಡಿ ಮನೆಯ ಮೊಗಸಾಲೆಯಲ್ಲಿ ನಿಂತು ಕಲಿಯಲು ತೊಡಗುವವರುಂಟು. ಅವರಲ್ಲಿ ಕೆಲವರು ಹದಿನೈದು ದಿನಗಳಲ್ಲಿ ಬೇಸತ್ತು ಬಿಡುತ್ತಾರೆ. ಕೆಲವರು ಸಕಲ ರೋಗಗಳೂ ಇದರಿಂದಲೇ ನಿವಾರಣೆಯಾಗುವುವೆಂದು ನಂಬಿ, ವೈದ್ಯರು ಕೊಟ್ಟ ಔಷಧವನ್ನೇ ಬಿಡುತ್ತಾರೆ. ಮೊದಲನೆಯವರಿಗಿಂತ ಎರಡನೆಯವರ ಸ್ಥಿತಿ ಶೋಚನೀಯವಾದದ್ದು. ಆದಕಾರಣ ಈ ಅಭ್ಯಾಸದಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಆರಂಭದಲ್ಲಿಯೇ ತಿಳಿದಿರುವುದು ಲೇಸು.

‘ಚಿ’ ಎಂದರೆ ಉಸಿರು, ಆವಿ, ಜೀವಶಕ್ತಿ ಎಂದು ಹಲವು ಅರ್ಥಗಳು. ಚೀನೀಯರ ಹಳೆಯ ಲಿಪಿಯಲ್ಲಿ ಈ ಅಕ್ಷರವನ್ನು ಅಕ್ಕಿಯ ಚಿಹ್ನೆಯ ಮೇಲೆ ಆವಿಯ ಚಿಹ್ನೆಯನ್ನಿಟ್ಟು ಬರೆಯುತ್ತಾರೆ. ‘ಗಾಂಗ್’ ಎಂದರೆ ಬಹುದಿನದ ಶ್ರಮದಿಂದ ಕೈಗೂಡಿದ ಕೌಶಲ. (ಮೊದಲನೆಯ ಅಕ್ಷರವನ್ನು ದೀರ್ಘವಾಗಿ ಒತ್ತಿ ನುಡಿದರೆ ನಮ್ಮ ಮನೆಗಳಲ್ಲಿ ಯಾರನ್ನೋ ಗದರಿದಂತೆ ಕೇಳಿಸೀತು, ಹ್ರಸ್ವವಾಗಿಯೇ ನುಡಿಯುವುದು ಕ್ಷೇಮ.) ನಮ್ಮ ‘ಪ್ರಾಣ’ ಶಬ್ದವು ಇದಕ್ಕೆ ಸಮೀಪದ್ದಾದರೂ ಎರಡೂ ಒಂದೇ ಎನ್ನಲಾಗದು. ನಮ್ಮ ಶಾಸ್ತ್ರಕಾರರು ಪ್ರಾಣವನ್ನು ಐದು ವಾಯುಗಳಾಗಿ ವಿಂಗಡಿಸಿದರು. ಚೀನೀಯರ ಚಿಯಾದರೋ ದೇಹದಲ್ಲಿ ಮಾತ್ರವಲ್ಲದೆ ಬೆಟ್ಟ, ನದಿ, ಋತುಗಳಲ್ಲಿಯೂ ಸಂಚರಿಸತಕ್ಕದ್ದು. ಶಬ್ದಸಾಮ್ಯವನ್ನು ಕಂಡೊಡನೆ ಮೂಲ ನಮ್ಮದೇ ಎಂದು ಹೇಳುವ ಆತುರ ನಮ್ಮಲ್ಲಿ ಅನೇಕರಿಗಿದೆ. ಅದು ವಿದ್ವತ್ತಿನ ಲಕ್ಷಣವಲ್ಲ. ಈ ವರ್ಗದ ಸಾಧನೆಗಳಲ್ಲೊಂದಾದ ಯಿಜಿನ್‌ಜಿಂಗ್ ಎಂಬುದನ್ನು ದಕ್ಷಿಣಭಾರತದಿಂದ ಹೋದ ಬೋಧಿಧರ್ಮನು ಕಲಿಸಿದನೆಂದು ಐತಿಹ್ಯವಿದ್ದರೂ, ಆ ಗ್ರಂಥವು 17ನೆಯ ಶತಮಾನದ್ದೆಂದು ಇತಿಹಾಸಜ್ಞರ ಅಭಿಪ್ರಾಯ.

ಸಾಧನೆಯು ಪ್ರಾಚೀನವೆಂಬುದರಲ್ಲಿ ಸಂದೇಹವಿಲ್ಲ. ಹುನಾನ್ ಪ್ರಾಂತದ ಚಾಂಗ್ಷಾ ನಗರದ ಬಳಿ ಮಾವಾಂಗ್‌ದುಯಿ ಎಂಬಲ್ಲಿ, ಕ್ರಿಸ್ತಪೂರ್ವ 168ರಲ್ಲಿ ಮುಚ್ಚಲ್ಪಟ್ಟ ಸಮಾಧಿಯೊಂದನ್ನು 1973ರಲ್ಲಿ ಅಗೆದಾಗ, ರೇಷ್ಮೆಯ ಮೇಲೆ ಬರೆದ ಚಿತ್ರಪಟವೊಂದು ದೊರೆಯಿತು. ಅದರಲ್ಲಿ ಬಾಗುವ, ಚಾಚುವ, ತಿರುಗುವ 44 ಮನುಷ್ಯಾಕೃತಿಗಳಿವೆ. ಸ್ತ್ರೀಯರೂ ಇದ್ದಾರೆ, ವೃದ್ಧರೂ ಇದ್ದಾರೆ. ಆ ಕಾಲದಲ್ಲಿ ಇದಕ್ಕೆ ದಾವೊಯಿನ್ ಎಂಬ ಹೆಸರಿತ್ತು. ಕ್ರಿಸ್ತಶಕ 2ನೆಯ ಶತಮಾನದ ಕೊನೆಯಲ್ಲಿದ್ದ ಹುವಾ ಟುವೊ ಎಂಬ ವೈದ್ಯನು ಹುಲಿ, ಜಿಂಕೆ, ಕರಡಿ, ಕೋತಿ, ಪಕ್ಷಿ ಇವುಗಳ ಚಲನೆಯನ್ನನುಸರಿಸಿ ಒಂದು ವ್ಯಾಯಾಮಕ್ರಮವನ್ನು ಕಲಿಸಿದನೆಂದು ಪ್ರತೀತಿ. ಚಿಗಾಂಗ್ ಎಂಬ ಹೆಸರು ಈ ಎಲ್ಲ ಪದ್ಧತಿಗಳಿಗೂ ಸಾಮಾನ್ಯವಾಗಿ ರೂಢಿಗೆ ಬಂದದ್ದು ಮಾತ್ರ 1950ರ ದಶಕದಲ್ಲಿ, ಹೆಬೇ ಪ್ರಾಂತದ ಲಿಯು ಗುಯಿಜೆನ್ ಮೊದಲಾದವರು ಇದನ್ನು ಆರೋಗ್ಯಧಾಮಗಳಲ್ಲಿ ಉಪಯೋಗಿಸಲಾರಂಭಿಸಿದ ಮೇಲೆ.

ಹೊಸಬರಿಗೆ ತಕ್ಕುದು ಬಾದುವಾನ್‌ಜಿನ್, ಅಂದರೆ ‘ಎಂಟು ಜರತಾರಿ ತುಂಡುಗಳು’ ಎಂಬ ಕ್ರಮ. ಸುಂಗ್ ರಾಜವಂಶದ ಕಾಲದಿಂದಲೂ ಇದು ಪ್ರಸಿದ್ಧವಾಗಿದೆ. ಎರಡು ಕೈಗಳನ್ನೂ ಹೆಣೆದು ಆಕಾಶವನ್ನು ಹೊತ್ತಂತೆ ಮೇಲಕ್ಕೆತ್ತುವುದು, ಎಡಬಲಗಳಿಗೆ ಬಿಲ್ಲೆಳೆಯುವಂತೆ ತೋಳು ಚಾಚುವುದು, ಒಂದು ಕೈ ಮೇಲಕ್ಕೂ ಇನ್ನೊಂದು ಕೆಳಕ್ಕೂ ಒತ್ತುವುದು, ಹಿಂದಿರುಗಿ ನೋಡುವುದು, ಸೊಂಟವನ್ನು ತೂಗುವುದು, ಬಾಗಿ ಪಾದಗಳನ್ನು ಮುಟ್ಟುವುದು, ಮುಷ್ಟಿ ಬಿಗಿದು ಮುಂದಕ್ಕೊತ್ತುವುದು, ಕಡೆಯಲ್ಲಿ ಹಿಮ್ಮಡಿಗಳನ್ನೆತ್ತಿ ಇಳಿಸುವುದು: ಇಷ್ಟೇ. ಒಂದಾವೃತ್ತಿಗೆ ಸುಮಾರು 12 ನಿಮಿಷಗಳು ಸಾಕು. ಚಾಪೆಯೂ ಬೇಡ, ಉಪಕರಣವೂ ಬೇಡ. ಉಟ್ಟ ಬಟ್ಟೆ ಸಡಿಲವಾಗಿದ್ದರೆ ಆಯಿತು.

ಮೊದಲ ವಾರದಲ್ಲಿ ಶಾಂತಿ ದೊರೆಯುವುದೆಂದು ಎಣಿಸಿದವರಿಗೆ ದೊರೆಯುವುದು ತೊಡೆಗಳ ನಡುಕ. ಮಂಡಿಗಳನ್ನು ಸ್ವಲ್ಪವೇ ಬಗ್ಗಿಸಿ ನಿಲ್ಲುವುದು ನೋಡಲು ಸುಲಭ. ನಾಲ್ಕು ನಿಮಿಷ ನಿಂತವನಿಗೇ ಅದರ ಭಾರ ತಿಳಿಯುತ್ತದೆ. ಭುಜಗಳು ತಾವಾಗಿಯೇ ಕಿವಿಯವರೆಗೆ ಏರುತ್ತವೆ. ಕೈಯ ಕಡೆಗೆ ಗಮನವಿಟ್ಟರೆ ಉಸಿರು ನಿಂತುಹೋಗುತ್ತದೆ, ಉಸಿರಿನ ಕಡೆಗಿಟ್ಟರೆ ಕೈ ಮರೆತುಹೋಗುತ್ತದೆ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಬೆರಳು ಸರಿಯಾಗಿ ಹೋದಾಗ ನಾಲಗೆ ಹೊರಗೆ ಬಂದಿರುತ್ತದೆ. ದೇಹ, ಉಸಿರು, ಮನಸ್ಸು ಈ ಮೂರನ್ನೂ ಹದಗೊಳಿಸಬೇಕೆಂದು ಚೀನೀಯ ಗುರುಗಳು ಹೇಳುವರಾದರೂ, ಮೂರನ್ನೂ ಒಮ್ಮೆಗೇ ಹಿಡಿಯಲು ಹೋಗಕೂಡದು. ಮೊದಲು ದೇಹದ ನಿಲುವನ್ನು ಕಲಿತರೆ ಸಾಕು. ಉಸಿರು ತಾನೇ ಹಿಂಬಾಲಿಸುತ್ತದೆ.

ಎರಡನೆಯ ಮೂರನೆಯ ವಾರಗಳಲ್ಲಿ ಕೆಲವು ವಿಚಿತ್ರಾನುಭವಗಳು ತೋರುವುದುಂಟು: ಅಂಗೈಗಳು ಬೆಚ್ಚಗಾಗುವುದು, ಬೆರಳ ತುದಿಯಲ್ಲಿ ಜುಮುಗುಟ್ಟುವಿಕೆ, ಆಕಳಿಕೆ, ಹೊಟ್ಟೆಯಲ್ಲಿ ಗುಡುಗುಡು ಶಬ್ದ, ಬಾಯಲ್ಲಿ ನೀರೂರುವುದು. ಹೊಸಬನು ಇದೇ ಚಿಯ ಸಂಚಾರವೆಂದು ಹಿಗ್ಗುತ್ತಾನೆ. ಶರೀರಶಾಸ್ತ್ರವನ್ನು ಬಲ್ಲವರು ಹೇಳುವ ಕಾರಣವು ಇನ್ನೂ ಸರಳವಾದುದು: ಉದ್ವೇಗ ಇಳಿದಾಗ ಕೈಗಳ ರಕ್ತನಾಳಗಳು ಹಿಗ್ಗುತ್ತವೆ, ಬಾಯಲ್ಲಿ ಜೊಲ್ಲು ಹೆಚ್ಚುತ್ತದೆ, ಜೀರ್ಣಾಂಗಗಳು ಚುರುಕಾಗುತ್ತವೆ. ಹೆಸರು ಯಾವುದಾದರೂ ಆಗಲಿ, ಅವುಗಳಿಗಾಗಿ ಕಾದುಕೊಂಡು ನಿಲ್ಲಬಾರದು. ಒಬ್ಬರಿಗೆ ಬರುತ್ತವೆ, ಇನ್ನೊಬ್ಬರಿಗೆ ಬಾರವು, ಅದರಿಂದ ಸಾಧನೆಯ ಹೆಚ್ಚುಕಡಮೆಯನ್ನು ಅಳೆಯುವಂತಿಲ್ಲ. ತಲೆ ತಿರುಗಿದರೆ ಅಥವಾ ಎದೆ ನೊಂದರೆ ಮಾತ್ರ ಆ ಕ್ಷಣವೇ ನಿಲ್ಲಿಸಿ ಕುಳಿತುಕೊಳ್ಳತಕ್ಕದ್ದು; ಎದೆಯ ನೋವನ್ನಂತೂ ವೈದ್ಯರಿಗೆ ಹೇಳದೆ ಇರಬಾರದು.

ಎರಡನೆಯ ತಿಂಗಳು ಅತಿ ಕಠಿನವಾದದ್ದು. ಹೊಸತನ ಹೋಗಿರುತ್ತದೆ, ಫಲ ಇನ್ನೂ ಕಾಣಿಸಿರುವುದಿಲ್ಲ. ಹೆಚ್ಚು ಜನರು ಬಿಟ್ಟುಬಿಡುವುದು ಇಲ್ಲಿಯೇ. ಚೀನದ ದಾವೊ ಸಾಧಕರಲ್ಲಿ ಅಸ್ತಿಭಾರಕ್ಕೇ ನೂರು ದಿನಗಳೆಂಬ ಮಾತಿದೆ. ಆ ಸಂಖ್ಯೆಯನ್ನು ಗೊತ್ತುಮಾಡಿದವರು ಮನುಷ್ಯಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದಿರಬೇಕು. ಮೂರನೆಯ ತಿಂಗಳ ಹೊತ್ತಿಗೆ ತೋರುವ ಫಲಗಳು ಬಹು ಸಾಮಾನ್ಯವಾದವು: ಒಂಟಿಕಾಲಲ್ಲಿ ನಿಂತು ಪಂಚೆಯನ್ನು ಸರಿಪಡಿಸಿಕೊಳ್ಳುವಾಗ ಗೋಡೆ ಹಿಡಿಯಬೇಕಾಗದಿರುವುದು, ಕತ್ತು ಎರಡು ಕಡೆಗೂ ಸರಾಗವಾಗಿ ತಿರುಗುವುದು, ಮಲಗಿದ ಮೇಲೆ ನಿದ್ರೆ ಬೇಗ ಬರುವುದು.

ವಿಜ್ಞಾನಿಗಳ ಪರೀಕ್ಷೆಗಳೂ ಇಷ್ಟನ್ನೇ ಸೂಚಿಸುತ್ತವೆ. ಇದರ ಸೋದರಸಾಧನೆಯಾದ ತಾಯ್ ಚಿಯನ್ನು ಕುರಿತು, ಕಂಪವಾತವಿದ್ದ 195 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವಾರಕ್ಕೆರಡು ಬಾರಿ 24 ವಾರ ಅಭ್ಯಾಸಮಾಡಿದವರ ಸಮತೋಲನವು ಉತ್ತಮಗೊಂಡಿತು. ಅಂಗಗಳನ್ನು ಚಾಚುವ ಸಾಮಾನ್ಯ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದು ಕಡಮೆ. ಚಿಗಾಂಗ್ ರಕ್ತದೊತ್ತಡವನ್ನು ಸ್ವಲ್ಪ ತಗ್ಗಿಸುವುದೆಂದೂ ನಿದ್ರೆಗೆ ಸಹಾಯಕವೆಂದೂ ಹೇಳುವ ಪರೀಕ್ಷೆಗಳಿವೆ. ಆದರೆ ಅವುಗಳಲ್ಲಿ ಹಲವು ಚಿಕ್ಕವು, ಬಿಗಿಯಾಗಿ ನಡೆದವುಗಳಲ್ಲ. ಅರ್ಬುದವನ್ನೋ ಮಧುಮೇಹವನ್ನೋ ಇದು ಗುಣಪಡಿಸುವುದೆಂಬುದಕ್ಕೆ ಆಧಾರವಿಲ್ಲ.

ಇದನ್ನು ಒತ್ತಿ ಹೇಳಲು ಕಾರಣವುಂಟು. 1980ರ ದಶಕದಲ್ಲಿ ಚೀನದಲ್ಲಿ ಚಿಗಾಂಗ್ ಹುಚ್ಚು ಹೊಳೆಯಂತೆ ಹರಿಯಿತು. ಗುರುಗಳೆನಿಸಿಕೊಂಡವರು ಸಾವಿರಾರು ಜನರನ್ನು ಸೇರಿಸಿ, ದೂರದಿಂದಲೇ ಚಿಯನ್ನು ಕಳುಹಿಸಿ ರೋಗ ಕಳೆಯುವೆವೆಂದರು. ಹಗಲಿರುಳೂ ಗಂಟೆಗಟ್ಟಲೆ ಸಾಧನೆಮಾಡಿ ಚಿತ್ತಭ್ರಮೆಗೊಂಡವರೂ ಉಂಟು. ಅಮೆರಿಕದ ಮನೋವೈದ್ಯರ ಸಂಘವು 1994ರಲ್ಲಿ ಪ್ರಕಟಿಸಿದ ರೋಗನಿರ್ಣಯಗ್ರಂಥದ ಪರಿಶಿಷ್ಟದಲ್ಲಿ ಈ ವಿಕಾರಕ್ಕೂ ಒಂದು ಸ್ಥಾನ ದೊರೆಯಿತು. ಮುಂದೆ ಚೀನ ಸರಕಾರವು ಕಟ್ಟುನಿಟ್ಟುಗಳನ್ನು ತಂದು, ಬಾದುವಾನ್‌ಜಿನ್ ಮೊದಲಾದ ನಾಲ್ಕು ಕ್ರಮಗಳನ್ನು ಪರಿಷ್ಕರಿಸಿ 2003ರಲ್ಲಿ ಪ್ರಚಾರಕ್ಕೆ ತಂದಿತು. ಹಿಂದೆ ಮನೋರೋಗವಿದ್ದವರು ಕಣ್ಣುಮುಚ್ಚಿ ಬಹಳ ಹೊತ್ತು ನಿಲ್ಲುವ ಸಾಧನೆಗೆ ಕೈಹಾಕಕೂಡದು. ಗೃಹಸ್ಥರಿಗೆ ದಿನಕ್ಕೆ ಇಪ್ಪತ್ತು ನಿಮಿಷಗಳಿಗಿಂತ ಹೆಚ್ಚು ಬೇಕಿಲ್ಲವೆಂದು ನನ್ನ ಅಭಿಮತ.

ಇನ್ನು ಕೆಲವು ಎಚ್ಚರಿಕೆಗಳು. ಮಂಡಿಯು ಕಾಲ್ಬೆರಳನ್ನು ದಾಟಿ ಮುಂದೆ ಬಾರದಿರಲಿ. ರಕ್ತದೊತ್ತಡವಿರುವವರೂ ಕಣ್ಣಿನ ಒತ್ತಡದ ರೋಗವಿರುವವರೂ ಪಾದ ಮುಟ್ಟುವ ಹಟದಿಂದ ತಲೆಯನ್ನು ಬಹಳ ಕೆಳಗಿಳಿಸದೆ, ಮಂಡಿಯವರೆಗೆ ಬಾಗಿದರೆ ಸಾಕು. ಮೂಳೆ ಸವೆದ ವೃದ್ಧರು ಹಿಮ್ಮಡಿಯನ್ನು ದೊಪ್ಪನೆ ಬೀಳಿಸದೆ ಮೆಲ್ಲನೆ ಇಳಿಸಲಿ, ಪಕ್ಕದಲ್ಲೊಂದು ಕುರ್ಚಿಯಿರಲಿ. ಊಟವಾದ ಒಡನೆ ಮಾಡಬಾರದು. ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದು. ಗುರುವನ್ನು ಆರಿಸುವಾಗ, ನಿಮಗಿರುವ ರೋಗಗಳನ್ನೂ ತೆಗೆದುಕೊಳ್ಳುತ್ತಿರುವ ಔಷಧಗಳನ್ನೂ ಮೊದಲು ವಿಚಾರಿಸುವವರ ಬಳಿಗೆ ಹೋಗಿ. ಅಂಗೈ ಚಾಚಿ ಚಿಯನ್ನು ಕಳುಹಿಸುವೆನೆನ್ನುವವರ ಬಳಿಗೆ ಎರಡನೆಯ ದಿನ ಹೋಗಬೇಕಾದ ಅಗತ್ಯವಿಲ್ಲ.